ಹೂಂಗುಟ್ಟಬಾರದ ಕ್ಲಾಸು

ನನ್ನ ಓರಗಿತ್ತಿಯ ಕಥೆ ಹೇಳಬೇಕಾದರೆ ಮೊದಲು ನಮ್ಮಿಬ್ಬರ ನಡುವಿನ ಗೋಡೆಯ ಬಗ್ಗೆ ಹೇಳಬೇಕು. ಗೋಡೆ ಎನ್ನುವುದೂ ದೊಡ್ಡ ಮಾತೇ, ಅದು ಬರೀ ಪ್ಲೈವುಡ್ ಹಲಗೆ. ಮನೆಯ ಮುಂದಿನ ಉದ್ದ ಕೋಣೆಯನ್ನು ಇಬ್ಬರು ಸೊಸೆಯಂದಿರಿಗೂ ಸಮನಾಗಿ ಹಂಚಬೇಕೆಂದು ನಮ್ಮ ಅತ್ತೆ ಬಡಗಿಯನ್ನು ಕರೆಸಿ ಅಡ್ಡ ಹೊಡೆಸಿದರು. ಈಚೆ ಕಡೆ ನನ್ನ ಹೊಲಿಗೆ ಯಂತ್ರ, ಆಚೆ ಕಡೆ ಅವಳ ಇಂಗ್ಲಿಷ್ ಕ್ಲಾಸು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆಯಲ್ಲಿ ಅತ್ತೆಗೆ ಬಲವಾದ ನಂಬಿಕೆ. ಆದರೆ ಬಡಗಿ ಗಾಳಿಯಾಡಲೆಂದು ಹಲಗೆಯ ಮೇಲೆ ಒಂದು ಮೊಳ ಜಾಗ ಬಿಟ್ಟಿದ್ದರಿಂದ ಆಚೆ ಕಡೆಯ ಮಾತೆಲ್ಲ ಈಚೆ ಬಂದು ನನ್ನ ಮಡಿಲಿಗೇ ಬೀಳುತ್ತಿತ್ತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಆ ಕಿವಿ ನಾನೇ; ಹಲಗೆಯ ಸಂದಿಯಲ್ಲಿ ಒಂದು ಕಣ್ಣೂ ಇತ್ತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ, ಬೀದಿಯವರು ಹೂಂ ಟೀಚರ್ ಎನ್ನುತ್ತಾರೆ. ಆ ಅಡ್ಡಹೆಸರು ಹೇಗೆ ಬಂತೆಂದು ಹೇಳುತ್ತೇನೆ, ಅವಸರ ಬೇಡ. ಟೀಚರ್ ಆಗುವ ಮೊದಲು ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಜನ ನಂಬರ್ ಹೇಳಬೇಕು, ಇವಳು ಅದನ್ನು ಅವರಿಗೇ ತಿರುಗಿ ಹೇಳಬೇಕು, ಅವರು ಸರಿ ಎಂದ ಮೇಲೆ ವೈರು ಸಿಕ್ಕಿಸಬೇಕು. ಲೈನಿನಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಆ ಸದ್ದಿನ ಹಿಂದೆ ಅಳುತ್ತಿರುವವರು ಯಾರು, ಬರೀ ನೆಗಡಿಯಾದವರು ಯಾರು ಎಂದು ಬಿಡಿಸಿ ಹೇಳುವ ಕಿವಿ ಅವಳದು. ಆ ಕೆಲಸದ ಚಟ ಮನೆಗೂ ಬಂತು. "ಬರ್ತಾ ಬಿಳಿ ದಾರ ಎರಡು ಉಂಡೆ ತಗೊಂಡ್ ಬಾ ಅಕ್ಕ" ಎಂದರೆ "ಬಿಳಿ ದಾರ, ಎರಡು ಉಂಡೆ" ಎನ್ನುತ್ತಾಳೆ. "ಉಪ್ಪು ಜಾಸ್ತಿ ಆಯ್ತು" ಎಂದರೂ "ಉಪ್ಪು ಜಾಸ್ತಿ" ಎನ್ನುತ್ತಾಳೆ, ಹಾಗೆಂದು ಮಾರನೆಯ ದಿನ ಕಡಿಮೆ ಹಾಕುವುದಿಲ್ಲ. ಮನೆಯಲ್ಲಿ ಗಿಣಿ ಸಾಕಿದ ಹಾಗಾಗಿದೆ ಎಂದು ಗಂಡನ ಹತ್ತಿರ ನಾನು ಎಷ್ಟೋ ಸಲ ಗೊಣಗಿದ್ದೇನೆ.

ಅತ್ತೆಗೆ ಬೇಕಾದದ್ದು ಗಿಣಿಯಲ್ಲ, ಹೂಂ. ಅವರು ಮಾತಿಗೆ ಕೂತರೆ ಎದುರಿಗಿದ್ದವರು ಮಾತು ಮಾತಿಗೂ ಹೂಂಗುಟ್ಟಬೇಕು. ಇಲ್ಲದಿದ್ದರೆ ಅವರ ಗಾಡಿ ಅಲ್ಲೇ ನಿಂತಿತು. ಕಣ್ಣಿಗೆ ಪೊರೆ ಬಂದ ಮೇಲಂತೂ ತಲೆಯಾಡಿಸಿದರೆ ನಡೆಯುವುದಿಲ್ಲ, ಬಾಯಿಂದ ಸದ್ದು ಬರಲೇಬೇಕು. ಅಕ್ಕನ ಮದುವೆ ಕುದುರಿದ್ದೇ ಒಂದು ಹೂಂನಿಂದ. ಮಾತುಕತೆಗೆಂದು ಹೋದ ಅತ್ತೆ ತಮ್ಮ ಹಿರಿಮಗನ ಗುಣಗಾನ ಮಾಡಿದರಂತೆ, ಅಕ್ಕ ಮರ್ಯಾದೆಗೆ ಹೂಂ, ಹೂಂ ಎಂದಳಂತೆ, ಅತ್ತೆ ಮನೆಗೆ ಬಂದು "ಹುಡುಗಿ ಒಪ್ಪಿಬಿಟ್ಳು" ಎಂದು ಸಾರಿದರಂತೆ. "ನಿಜ ಹೇಳಕ್ಕ, ಒಪ್ಪಿದ್ಯೋ, ಬರೀ ಕೇಳಿಸ್ಕೊಂಡ್ಯೋ?" ಎಂದು ನಾನು ಇವತ್ತಿಗೂ ಕಾಡುತ್ತೇನೆ. ಅಕ್ಕ ಜಗ್ಗುವುದಿಲ್ಲ. ಭಾವ ಮಾತ್ರ ಪೇಪರನ್ನು ಇನ್ನಷ್ಟು ಅಗಲ ಬಿಡಿಸಿ ಅದರ ಹಿಂದೆ ಸೇರಿಕೊಳ್ಳುತ್ತಾರೆ.

ಎಕ್ಸ್‌ಚೇಂಜಿಗೆ ಯಂತ್ರ ಬಂತು, ಆಪರೇಟರುಗಳು ಮನೆಗೆ ಬಂದರು. ಅಕ್ಕ ಕೆಲವು ದಿನ ಸುಮ್ಮನೆ ಕಿಟಕಿಯ ಹತ್ತಿರ ಕೂತಳು. ಆಮೇಲೆ ಇಂಗ್ಲಿಷ್ ಕಲಿಸುವ ತರಬೇತಿಗೆ ಸೇರಿ, ಮುಗಿಸಿ, ಹಲಗೆಯಾಚೆ ಬೆಂಚು ಹಾಕಿಸಿದಳು. ಎ ಬಿ ಸಿ ಡಿ ಕಲಿಸುವವರು ನಮ್ಮ ಬೀದಿಯಲ್ಲೇ ಮೂರು ಮಂದಿ ಇದ್ದರು. ಇವಳು ಅದಕ್ಕೆ ಕೈ ಹಾಕಲಿಲ್ಲ. "ನಾನು ಇಂಗ್ಲಿಷ್ ಬರೋರಿಗೆ ಮಾತ್ರ ಕಲಿಸ್ತೀನಿ" ಎಂದಳು.

"ಈಜು ಬರೋರಿಗೆ ಈಜು ಕಲಿಸ್ತೀಯಾ?" ಎಂದು ನಾನು ನಕ್ಕೆ.

"ದಡದಲ್ಲಿ ಕೂತು ಈಜೋದರ ಬಗ್ಗೆ ಪುಸ್ತಕ ಓದಿದೋರಿಗೆ."

ಅವಳು ಹೇಳಿದ್ದು ನಿಜ ಎಂದು ಅವಳ ಕ್ಲಾಸಿಗೆ ಬಂದವರನ್ನು ನೋಡಿದ ಮೇಲೆ ಗೊತ್ತಾಯಿತು. ಲಿಫ್ಟ್ ರಿಪೇರಿ ಮಾಡುವವನೊಬ್ಬ ಬರುತ್ತಿದ್ದ. ದಪ್ಪ ದಪ್ಪ ಇಂಗ್ಲಿಷ್ ಕೈಪಿಡಿಗಳನ್ನು ಅರೆದು ಕುಡಿದವನು, ಆದರೆ ಕಂಪನಿಯ ಇಂಜಿನಿಯರ್ ಫೋನಿನಲ್ಲಿ ಮಾತಾಡಿಸಿದರೆ ಬೆವರುತ್ತಿದ್ದ. ಇನ್ನೊಬ್ಬ ಲೆಕ್ಕ ಪರಿಶೋಧಕ. ಅವನು ಬರೆದ ಇಂಗ್ಲಿಷನ್ನು ಅಕ್ಕನೇ ಎರಡು ಸಲ ಓದಬೇಕು, ಅಷ್ಟು ಗಟ್ಟಿ. ಬಾಯಿ ಬಿಟ್ಟರೆ ಮಾತ್ರ ಬಣ್ಣಗೇಡು. ಇವರಿಗೆಲ್ಲ ವ್ಯಾಕರಣ ಬರುತ್ತಿತ್ತು, ಪದಗಳೂ ಬೇಕಾದಷ್ಟು ಇದ್ದವು. ಇನ್ನೊಬ್ಬರ ಬಾಯಿಂದ ಓಡಿಬರುವ ಮಾತನ್ನು ಹಿಡಿಯಲು, ಹಿಡಿದು ತಿರುಗಿ ಎಸೆಯಲು ಬರುತ್ತಿರಲಿಲ್ಲ.

ಅಕ್ಕ ಇವರನ್ನು ಇಬ್ಬಿಬ್ಬರನ್ನಾಗಿ ಮಾಡಿ ಬೆನ್ನಿಗೆ ಬೆನ್ನು ಹಾಕಿ ಕೂರಿಸುತ್ತಿದ್ದಳು. ಒಬ್ಬ ತನ್ನ ಮನೆಯ ಅಡುಗೆಮನೆ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು, ಇನ್ನೊಬ್ಬ ಕೇಳಿಕೊಂಡು ಅದರ ಚಿತ್ರ ಬರೆಯಬೇಕು. ಮುಖ ಕಾಣುವಂತಿಲ್ಲ, ಕೈ ತೋರಿಸುವಂತಿಲ್ಲ. ಲಿಫ್ಟಿನವನು ಹೇಳುತ್ತಾ ಹೋಗುತ್ತಿದ್ದ, ಲೆಕ್ಕದವನು ಯೆಸ್, ಯೆಸ್, ಯೆಸ್ ಎನ್ನುತ್ತಾ ಬರೆಯುತ್ತಿದ್ದ. ಕೊನೆಗೆ ನೋಡಿದರೆ ನೀರಿನ ನಲ್ಲಿ ಒಲೆಯ ಮೇಲೆ ಬಂದಿರುತ್ತಿತ್ತು. "ಇಷ್ಟು ಸಲ ಯೆಸ್ ಅಂದ್ರಲ್ಲ, ಅರ್ಥ ಆಗಿತ್ತಾ?" ಎಂದು ಅಕ್ಕ ಕೇಳಿದರೆ ಲೆಕ್ಕದವನು "ಇಲ್ಲ ಮೇಡಂ, ಕೇಳ್ತಾ ಇದೀನಿ ಅಂತ ಹೇಳಿದ್ದು ಅಷ್ಟೆ" ಎನ್ನುತ್ತಿದ್ದ.

ಅದೇ ನಮ್ಮ ಜನರ ರೋಗ. ಅತ್ತೆಗೆ ಹೂಂಗುಟ್ಟಿದ ಹಾಗೆ ಇಡೀ ಪ್ರಪಂಚಕ್ಕೆ ಹೂಂಗುಟ್ಟುತ್ತೇವೆ, ಇಂಗ್ಲಿಷಿನಲ್ಲಾದರೆ ಅದನ್ನೇ ಯೆಸ್ ಎನ್ನುತ್ತೇವೆ. ಹೂಂ ಎಂದರೂ ಒಪ್ಪಿಗೆ, ಕೋಲೆಬಸವನ ಹಾಗೆ ತಲೆಯಾಡಿಸಿದರೂ ಒಪ್ಪಿಗೆ, ಮೌನಂ ಸಮ್ಮತಿ ಲಕ್ಷಣಂ ಎಂದು ಸುಮ್ಮನಿದ್ದರೂ ಒಪ್ಪಿಗೆ. ಒಪ್ಪಿಗೆ ಇಲ್ಲದಿದ್ದರೆ ನಾವು ಹೇಳುವುದು ಒಂದೇ ಮಾತು, "ನೋಡೋಣ". ಇದನ್ನೆಲ್ಲ ಬೇರೆಯವರು ಹೇಗೆ ಅರ್ಥ ಮಾಡಿಕೊಳ್ಳಬೇಕು ಪಾಪ?

ಅಕ್ಕ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಒಂದು ಚಮಚ ಇಟ್ಟುಕೊಂಡಳು. ಯಾರಾದರೂ ಅರ್ಥವಾಗದೆ ಯೆಸ್ ಎಂದರೆ, ಹೂಂ ಎಂದರೆ, ಲೋಟಕ್ಕೆ ಟಣ್ ಎಂದು ಹೊಡೆಯುತ್ತಿದ್ದಳು. ಮೊದಮೊದಲು ದಿನವಿಡೀ ಟಣ್ ಟಣ್. ಪಾತ್ರೆ ಅಂಗಡಿಯ ಪಕ್ಕ ಕೂತು ಹೊಲಿದ ಹಾಗಾಗುತ್ತಿತ್ತು ನನಗೆ. ಹೂಂ ಟೀಚರ್ ಎಂಬ ಹೆಸರು ಆಗ ಬಂದದ್ದು.

ನರ್ಸಮ್ಮ ಬಂದದ್ದು ಆ ಸಮಯದಲ್ಲೇ. ನಮ್ಮ ಬೀದಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ನೋಡಿಕೊಳ್ಳುವವಳು. ನಲವತ್ತರ ಆಸುಪಾಸು, ಇಸ್ತ್ರಿ ಕೆಡದ ಬಟ್ಟೆ, ಕೂತರೆ ಬೆನ್ನು ನೆಟ್ಟಗೆ. ಅವಳಿಗೆ ಕ್ಲಾಸಿನಲ್ಲಿ ಯಾರಿಗೂ ಇಲ್ಲದಷ್ಟು ಇಂಗ್ಲಿಷ್ ಬರುತ್ತಿತ್ತು. "ನಿಮಗೇನು ಕಲಿಸೋದು?" ಎಂದು ಅಕ್ಕ ಕೇಳಿದಾಗ ಆ ನೆಟ್ಟಗಿನ ಬೆನ್ನು ಸ್ವಲ್ಪ ಬಾಗಿತು. ನಾನು ಯಂತ್ರ ನಿಲ್ಲಿಸಿದೆ.

ಅವಳ ವಾರ್ಡಿನಲ್ಲಿ ಒಬ್ಬ ರೋಗಿಗೆ ಬೇಕೆನಿಸಿದರೆ ಎರಡನೇ ಇಂಜೆಕ್ಷನ್ ಕೊಡಿ, ಅನುಮಾನವಿದ್ದರೆ ನನ್ನನ್ನು ಕೇಳಿ ಎಂದು ಡಾಕ್ಟರ್ ಬರೆದಿಟ್ಟಿದ್ದರು. ಡಾಕ್ಟರ್ ಬೇರೆ ದೇಶದವರು, ನಮ್ಮ ಮಾತು ಒಂದಕ್ಷರ ಬರುವುದಿಲ್ಲ. ಸಂಜೆ ಅವರೇ ಫೋನ್ ಮಾಡಿ ವಿಚಾರಿಸಿದರು, ಮಾತಾಡಿದರು, ಇಟ್ಟರು. ಬೆಳಗ್ಗೆಯ ಹೊತ್ತಿಗೆ ರೋಗಿಗೆ ಜ್ವರ ಏರಿ ಒದ್ದಾಟವಾಯಿತು. ಪುಣ್ಯಕ್ಕೆ ಆತ ಹುಷಾರಾಗಿ ಮನೆಗೆ ಹೋದ. ಆದರೆ ಇಂಜೆಕ್ಷನ್ ಕೊಟ್ಟೇ ಇರಲಿಲ್ಲ ಎಂಬುದು ಹೊರಗೆ ಬಂತು. ಕೊಟ್ಟಿದ್ದೇನೆ ಎಂದು ನರ್ಸ್ ನನಗೆ ಹೇಳಿದ್ದಳು ಎಂದರು ಡಾಕ್ಟರ್. ಕೊಟ್ಟಿಲ್ಲ ಎಂದೇ ನಾನು ಹೇಳಿದ್ದು ಎಂದಳು ಇವಳು. ಆಸ್ಪತ್ರೆಯ ಫೋನಿನಲ್ಲಿ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಹಾಕಿ ಕೇಳಿದರೆ ಇವಳ ದನಿಯಲ್ಲಿ ಸ್ಪಷ್ಟವಾಗಿ "ಯೆಸ್ ಡಾಕ್ಟರ್" ಎಂದಿತ್ತು.

"ಇಷ್ಟು ವರ್ಷ ಕೆಲಸ ಮಾಡಿದೀನಿ. ತಪ್ಪು ಮಾಡಿದ್ರೆ ತಪ್ಪು ಅಂತೀನಿ. ಸುಳ್ಳು ಹೇಳಿದೆ ಅಂತಾರಲ್ಲ, ಅದನ್ನ ಹೇಗೆ ತಡ್ಕೊಳ್ಳಲಿ?" ಎಂದಳು. ಬರೆದುಕೊಟ್ಟ ವಿವರಣೆ ಯಾರಿಗೂ ಒಪ್ಪಿಗೆಯಾಗಿರಲಿಲ್ಲ. ಮುಂದಿನ ವಾರ ವಿಚಾರಣೆ. ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ಸುಳ್ಳುಗಾತಿ ಎಂದು ತೀರ್ಮಾನವಾದರೆ ಈ ಆಸ್ಪತ್ರೆ ಇರಲಿ, ಇನ್ಯಾವ ಆಸ್ಪತ್ರೆಯೂ ಒಳಗೆ ಸೇರಿಸುವುದಿಲ್ಲ.

"ಅವರು ಏನಂತ ಕೇಳಿದ್ರು? ಒಂದಕ್ಷರ ಬದಲಾಯಿಸ್ದೆ ಹೇಳಿ" ಎಂದಳು ಅಕ್ಕ. ಎಕ್ಸ್‌ಚೇಂಜಿನ ದನಿ ಅದು.

ನರ್ಸಮ್ಮ ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಇಷ್ಟೇ: "ಎರಡನೇ ಇಂಜೆಕ್ಷನ್ ನೀವು ಇನ್ನೂ ಕೊಟ್ಟಿಲ್ಲವೇ?"

"ನೀವು?"

"ಯೆಸ್ ಡಾಕ್ಟರ್ ಅಂದೆ. ಅವರು, ಒಳ್ಳೇದು, ಹಾಗಾದ್ರೆ ಬೆಳಗ್ಗೆ ತನಕ ಇನ್ನೇನೂ ಬೇಡ ಅಂದ್ರು. ನಾನು ಕೊಡಲಿಲ್ಲ."

ಅಕ್ಕ ಚಮಚ ಪಕ್ಕಕ್ಕಿಟ್ಟಳು. ಆಮೇಲೆ ಲಿಫ್ಟಿನವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೀವು ಇನ್ನೂ ಊಟ ಮಾಡಿಲ್ಲವೇ ಎಂದು ಕೇಳಿದಳು. "ಯೆಸ್ ಮೇಡಂ" ಎಂದ ಅವನು. ಮಾಡಿದ್ದೀರೋ ಇಲ್ಲವೋ ಎಂದರೆ "ಇಲ್ಲ ಮೇಡಂ, ಮನೆಗೆ ಹೋಗಿ ಮಾಡ್ಬೇಕು." ಲೆಕ್ಕದವನನ್ನು ಕೇಳಿದಳು, ಅವನೂ ಯೆಸ್. ಬೆಂಚಿನ ಕೊನೆಯವರೆಗೂ ಕೇಳುತ್ತಾ ಹೋದಳು, ಎಲ್ಲರೂ ಹಸಿದವರೇ, ಎಲ್ಲರೂ ಯೆಸ್. ಹಲಗೆಯ ಈಚೆ ನಾನೂ ಮನಸ್ಸಿನಲ್ಲೇ ಯೆಸ್ ಎಂದಿದ್ದೆ.

"ಊಟ ಆಗಿಲ್ವಾ ಅಂದ್ರೆ ಹೂಂ, ಆಗಿಲ್ಲ ಅಂತೀವಿ" ಎಂದಳು ಅಕ್ಕ. "ನಮ್ಮ ಹೂಂ ಕೇಳಿದ ಮಾತಿಗೆ. ನೀವು ಹೇಳಿದ್ದು ಸರಿ ಅಂತ. ಅವರ ಯೆಸ್ ಮಾತಿಗಲ್ಲ, ಕೆಲಸಕ್ಕೆ. ಕೆಲಸ ಆಗಿದ್ರೆ ಯೆಸ್, ಆಗದಿದ್ರೆ ನೋ. ನೀವು ಅವರ ಮಾತಿಗೆ ಹೌದು ಅಂದ್ರಿ, ಅವರಿಗೆ ಇಂಜೆಕ್ಷನ್ ಕೊಟ್ಟಾಯ್ತು ಅಂತ ಕೇಳಿಸ್ತು. ಇಬ್ಬರೂ ಸುಳ್ಳು ಹೇಳಿಲ್ಲ."

ನರ್ಸಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಪ್ಪು ಎಲ್ಲಿತ್ತೆಂದೇ ಗೊತ್ತಿಲ್ಲದೆ ಅವಳು ಅಷ್ಟು ದಿನ ಒದ್ದಾಡಿದ್ದಳು. ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು, ಆದರೆ ಅವಳಿಗೆ ಹೆದರಿಕೆ ಹೆಚ್ಚಾಯಿತು. ಬಾಯಿಗೆ ಅಭ್ಯಾಸವಾದದ್ದು ವಿಚಾರಣೆಯ ದಿನವೂ ಹಾಗೇ ಜಾರಿದರೆ?

ಅಕ್ಕ ಹಟಕ್ಕೆ ಬಿದ್ದಳು. ನರ್ಸಮ್ಮನಿಗೆ ದಿನಾ ಬೇರೆಯಾಗಿ ಪಾಠ. ಬೆನ್ನು ತಿರುಗಿಸಿ ಕೂರಿಸಿ ಪ್ರಶ್ನೆಯ ಮೇಲೆ ಪ್ರಶ್ನೆ. ಅವಳ ಬಾಯಿಂದ ಯೆಸ್ ಎಂದು ಬಂತೋ ಇಲ್ಲವೋ, ಟಣ್. ಕೇಳುವಾಗ ಹೂಂ ಎಂದರೂ ಟಣ್. ತಲೆಯಾಡಿಸಿದರೂ ಟಣ್. ನನಗೇ ಕನಸಿನಲ್ಲಿ ಲೋಟ ಬರತೊಡಗಿತು. ನಾಲ್ಕು ದಿನವಾಗುವಷ್ಟರಲ್ಲಿ ಟಣ್ ಸದ್ದು ನಿಂತಿತು. ಗೆದ್ದೆವು ಎಂದುಕೊಂಡಳು ಅಕ್ಕ. ನಾನು ಹಲಗೆಯ ಈಚೆ ಕೂತು ಕಿವಿಗೊಟ್ಟೆ. ನರ್ಸಮ್ಮನ ಕಡೆಯಿಂದ ಲೋಟದ ಸದ್ದಿರಲಿ, ಯಾವ ಸದ್ದೂ ಬರುತ್ತಿರಲಿಲ್ಲ.

ವಿಚಾರಣೆಗೆ ಎರಡು ದಿನವಿದೆ ಎನ್ನುವಾಗ ಅವಳು ಸ್ವಲ್ಪ ಮುಂಚೆ ಬಂದಳು. ಅಕ್ಕ ಒಳಗೆ ಕೆಲಸದಲ್ಲಿದ್ದಳು. ನಡುಮನೆಯಲ್ಲಿ ಅತ್ತೆಯ ಕೈಗೆ ಸಿಕ್ಕಳು. ಹೊಸ ಕಿವಿ ಸಿಕ್ಕಿದರೆ ಅತ್ತೆ ಬಿಡುತ್ತಾರೆಯೇ? ತಮ್ಮ ರೈಲಿನ ಕಥೆ ತೆಗೆದರು. ಅವರು ಚಿಕ್ಕವರಿದ್ದಾಗ ಅಪ್ಪನ ಜೊತೆ ಮೊದಲ ಸಲ ರೈಲು ಹತ್ತಿದ್ದು, ನಡುವಿನ ಯಾವುದೋ ಸ್ಟೇಷನ್ನಿನಲ್ಲಿ ಅಪ್ಪ ಕೂಜದಲ್ಲಿ ನೀರು ತರಲು ಇಳಿದದ್ದು. ಈ ಕಥೆಯನ್ನು ನಾವು ಕೇಳದ ವರ್ಷವಿಲ್ಲ.

"ಅಪ್ಪ ನಲ್ಲಿ ಹತ್ರ ಇದಾರೆ. ರೈಲು ಹೊರಟೇಬಿಡ್ತು!" ಎಂದು ಅತ್ತೆ ನಿಲ್ಲಿಸಿದರು. ಹೂಂ ಬರಬೇಕಾದ ಜಾಗ ಅದು.

ಹೂಂ ಎನ್ನುವಂತಿಲ್ಲ, ತಲೆಯಾಡಿಸುವಂತಿಲ್ಲ. ನರ್ಸಮ್ಮ ಕಣ್ಣರಳಿಸಿ ಕೂತಳು.

"ಕೇಳ್ತಾ ಇದೀಯೇನಮ್ಮಾ?"

ಅವಳ ತುಟಿ ಅಲುಗಿತು, ದನಿ ಬರಲಿಲ್ಲ.

"ಎದ್ದು ಹೋದ್ಯಾ? ಗೋಡೆ ಜೊತೆ ಮಾತಾಡಿದ ಹಾಗಾಯ್ತು. ನಾನ್ ಹೇಳಲ್ಲ ಹೋಗು" ಎಂದು ಅತ್ತೆ ಮುಖ ಆಚೆ ತಿರುಗಿಸಿದರು. ಅವರಿಗೆ ನಿಜವಾಗಿ ನೋವಾಗಿತ್ತು. ನರ್ಸಮ್ಮನ ಕಣ್ಣಲ್ಲಿ ನೀರು ತುಂಬಿತು, ಆ ನೀರೂ ಅತ್ತೆಗೆ ಕಾಣುವಂತಿರಲಿಲ್ಲ.

ನನಗೆ ನೆತ್ತಿಗೇರಿತು. ನೇರ ಅಡುಗೆಮನೆಗೆ ಹೋದೆ. "ನಿನ್ನ ಲೋಟ ಎತ್ತಿ ಅಟ್ಟಕ್ಕೆ ಹಾಕು! ಮಾತು ಕಲಿಸ್ತೀನಿ ಅಂತ ಕರ್ಕೊಂಡು ಬಂದು ಮೂಗಿ ಮಾಡಿಟ್ಟಿದೀಯ. ನಾಡಿದ್ದು ಆ ಡಾಕ್ಟರ್ ಮುಂದೆ ಹೀಗೇ ಕಲ್ಲಿನ ಹಾಗೆ ಕೂತ್ರೆ ಅವರು ಏನಂದ್ಕೋತಾರೆ? ಎಷ್ಟು ಕೊಬ್ಬು ಇವಳಿಗೆ ಅಂತಾರೆ. ಹೂಂ ಕಿತ್ಕೊಂಡೆ ಸರಿ, ಬದಲಿಗೆ ಏನ್ ಕೊಟ್ಟೆ?"

ಅಕ್ಕ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ನಾನು ಬೈದರೆ ಅವಳು ತಿರುಗಿ ಬೈಯುವವಳಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬರುವುದು.

"ನಿಂತ್ಕೋಬೇಡ. ಪಾಪ ಅವಳಿಗೆ ಟೀ ಆದ್ರೂ ಕೊಡೋಣ. ಎರಡು ಲೋಟ ನೀರಿಡು" ಎಂದೆ.

"ಎರಡು ಲೋಟ ನೀರು" ಎಂದಳು ಅಕ್ಕ, ಅಭ್ಯಾಸಬಲದಿಂದ.

ಎಂದವಳು ಹಾಗೇ ನಿಂತಳು. ನನ್ನ ಮುಖ ನೋಡಿದಳು. "ಎರಡು ಲೋಟ ನೀರು" ಎಂದು ಮತ್ತೊಮ್ಮೆ, ಬೇರೆ ಯಾರೋ ಹೇಳಿದ್ದನ್ನು ಕೇಳಿದವಳ ಹಾಗೆ ಹೇಳಿದಳು. ಸೌಟು ನನ್ನ ಕೈಗಿಟ್ಟು ನಡುಮನೆಗೆ ಓಡಿದಳು. ನೀರಿಟ್ಟದ್ದು ನಾನೇ.

ನಡುಮನೆಯಲ್ಲಿ ಅಕ್ಕ ಅತ್ತೆಯ ಹತ್ತಿರ ನೆಲದ ಮೇಲೆ ಕೂತು ಹೇಳಿದಳು: "ಅತ್ತೆ, ಅಪ್ಪ ನಲ್ಲಿ ಹತ್ರ ಇದಾರೆ. ರೈಲು ಹೊರಟುಬಿಡ್ತು."

"ಹೂಂ!" ಎಂದರು ಅತ್ತೆ. ತಾವೇ ಹೂಂಗುಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ. "ಕೂಜ ಕೆಳಗಿಟ್ಟು ಓಡ್ತಾ ಬರ್ತಿದಾರೆ."

"ಕೂಜ ಅಲ್ಲೇ ಬಿಟ್ಟು ಓಡಿ ಬರ್ತಿದಾರೆ" ಎಂದಳು ಅಕ್ಕ. ಆಮೇಲೆ ನರ್ಸಮ್ಮನ ಮೊಣಕೈ ಮುಟ್ಟಿದಳು.

"ನಾನು ಒಳಗಡೆ ಅಳ್ತಾ ಇದೀನಿ" ಎಂದರು ಅತ್ತೆ.

"ನೀವು ಅಳ್ತಾ ಇದೀರ" ಎಂದಳು ನರ್ಸಮ್ಮ. ದನಿ ನಡುಗುತ್ತಿತ್ತು, ಆದರೂ ದನಿಯೇ ಅದು. ಅತ್ತೆ ಮುಖವನ್ನು ಪೂರ್ತಿ ಅವಳ ಕಡೆ ತಿರುಗಿಸಿದರು.

ಕಥೆ ಮುಗಿಯಲಿಲ್ಲ, ಅವಳ ಡ್ಯೂಟಿಯ ಹೊತ್ತಾಯಿತು. ಆದರೆ ಉಳಿದೆರಡು ದಿನ ಹಲಗೆಯಾಚೆ ನಡೆದದ್ದು ಬೇರೆಯೇ ಪಾಠ. ಅಕ್ಕ ಪ್ರಶ್ನೆ ಕೇಳುತ್ತಿದ್ದಳು, ನರ್ಸಮ್ಮ ಯೆಸ್ಸೂ ಎನ್ನದೆ ನೋ ಕೂಡ ಎನ್ನದೆ, ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದಳು, ಆಮೇಲೆ ಉತ್ತರ. "ನಮ್ಮ ಎಕ್ಸ್‌ಚೇಂಜಲ್ಲಿ ಯಾರ ಹೂಂನೂ ನಂಬ್ತಿರಲಿಲ್ಲ. ನಂಬರ್ ತಿರುಗಿ ಹೇಳ್ದೆ ಲೈನ್ ಕೊಟ್ರೆ ಯಾರದ್ದೋ ಮನೆಗೆ ಹೋಗೋದು. ಇಷ್ಟು ವರ್ಷ ಮಾಡಿದ್ದು ಪಾಠದ ಹೊತ್ತಲ್ಲಿ ನೆನಪಾಗಲಿಲ್ಲ ನೋಡಿ" ಎಂದಳು. ಲೋಟ ಅಟ್ಟಕ್ಕೇನೂ ಹೋಗಲಿಲ್ಲ, ನಿಯಮ ಮಾತ್ರ ಬದಲಾಯಿತು. ಹೂಂ ಅನ್ನಬಹುದು, ಹಿಂದೆಯೇ ಮಾತು ಬರಬೇಕು. ಒಂಟಿ ಹೂಂಗೆ ಮಾತ್ರ ಟಣ್.

ವಿಚಾರಣೆಯ ದಿನ ಅಕ್ಕ ಜೊತೆಗೆ ಹೋದಳು. ಅಕ್ಕನ ಜೊತೆಗೆ ನಾನು ಹೋದೆ. ಹೊಲಿಗೆ ಇತ್ತು, ಬಿಟ್ಟು ಹೋದೆ. ನಮ್ಮನ್ನು ಒಳಗೆ ಬಿಡಲಿಲ್ಲ. ಕಾರಿಡಾರಿನಲ್ಲಿ ಔಷಧದ ವಾಸನೆ, ಒರೆಸಿದ ನೆಲ ಇನ್ನೂ ಒದ್ದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆವು. ಬಾಗಿಲ ಮೇಲೆ ಗಾಳಿಗೆಂದು ಒಂದು ಕಿಂಡಿ ತೆರೆದಿತ್ತು. ಕಿಂಡಿಗೂ ನನಗೂ ಯಾವ ಜನ್ಮದ ಋಣಾನುಬಂಧವೋ ಗೊತ್ತಿಲ್ಲ.

ಒಳಗೆ ನರ್ಸಮ್ಮನದಲ್ಲದೆ ಇನ್ನೂ ಮೂವರ ದನಿಯಿತ್ತು. ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದವರು ಹಿರಿಯ ನರ್ಸ್. ಸಣ್ಣ ದನಿಯಲ್ಲಿ ಅವಸರವಾಗಿ ಮಾತಾಡುವವರು ಆ ಡಾಕ್ಟರ್. ಭಾರಿ ಗಂಭೀರ ದನಿಯವರು ಆಸ್ಪತ್ರೆಯ ಆಡಳಿತಾಧಿಕಾರಿ, ನಮ್ಮವರೇ. ಎಲ್ಲ ಮಾತೂ ಇಂಗ್ಲಿಷಿನಲ್ಲಿ. ನಾನು ಹಲಗೆಯ ಈಚೆ ಕೂತು ಕಲಿತದ್ದೆಲ್ಲ ಅವತ್ತು ಕೆಲಸಕ್ಕೆ ಬಂತು.

ರೆಕಾರ್ಡ್ ಹಾಕಿದರು. "ಯೆಸ್ ಡಾಕ್ಟರ್" ಎಂಬ ದನಿ ಕಿಂಡಿಯಿಂದ ಹೊರಗೆ ಬಂತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಡಾಕ್ಟರ್ ಕೇಳಿದರು: "ಹಾಗಾದರೆ ನನ್ನ ಪ್ರಶ್ನೆ ನಿಮಗೆ ಅರ್ಥವಾಗಿರಲಿಲ್ಲವೇ?"

ಮತ್ತೆ ಅದೇ ಬಗೆಯ ಪ್ರಶ್ನೆ. ಅಕ್ಕನ ಉಗುರು ನನ್ನ ಅಂಗೈಗೆ ಇಳಿಯಿತು.

ಆಮೇಲೆ ನರ್ಸಮ್ಮನ ದನಿ ಬಂತು, ನಿಧಾನವಾಗಿ: "ನಿಮ್ಮ ಪ್ರಶ್ನೆ ಅರ್ಥವಾಗಿತ್ತೇ ಎಂದು ಕೇಳುತ್ತಿದ್ದೀರಿ. ಅರ್ಥವಾಗಿತ್ತು. ಕೊಟ್ಟಿಲ್ಲವೇ ಎಂದು ಕೇಳಿದಿರಿ. ನಾನು ಕೊಟ್ಟಿರಲಿಲ್ಲ. ನಮ್ಮ ಮಾತಿನಲ್ಲಿ, ನೀವು ಹೇಳಿದ್ದು ಸರಿ ಎನ್ನಲು ಯೆಸ್ ಎನ್ನುತ್ತೇವೆ. ನಾನು ನಿಮ್ಮ ಮಾತಿಗೆ ಯೆಸ್ ಎಂದೆ. ಇಂಜೆಕ್ಷನ್ನಿಗೆ ಅಲ್ಲ."

ಹಿರಿಯ ನರ್ಸ್ ಗಂಟಲು ಸರಿಮಾಡಿಕೊಂಡರು. ಡಾಕ್ಟರಿಗೆ ನಂಬಿಕೆ ಬರಲಿಲ್ಲ. ತಪ್ಪಿಸಿಕೊಳ್ಳಲು ಕಟ್ಟಿದ ಕಥೆ ಎಂಬ ಅನುಮಾನ ದನಿಯಲ್ಲೇ ಇತ್ತು. ಅವರು ಆಡಳಿತಾಧಿಕಾರಿಯ ಕಡೆ ತಿರುಗಿದರೆಂದು ಕಾಣುತ್ತದೆ: "ನೀವೂ ಇದೇ ಮಾತಿನವರು. ಇಂಥ ವಿಚಿತ್ರವನ್ನು ನೀವು ಯಾವತ್ತೂ ಕೇಳಿಲ್ಲವೇ?"

"ಯೆಸ್ ಡಾಕ್ಟರ್!" ಎಂದರು ಆಡಳಿತಾಧಿಕಾರಿ, ಗಂಭೀರವಾಗಿ.

"ಓ, ಕೇಳಿದ್ದೀರಾ?"

"ನೋ, ನೋ!"

"ಹಾಗಾದರೆ ಕೇಳಿಲ್ಲ?"

"ಯೆಸ್, ಯೆಸ್!"

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ. ಒಳಗೆ ಮೊದಲು ನಕ್ಕವರು ಹಿರಿಯ ನರ್ಸ್, ಆಮೇಲೆ ಆಡಳಿತಾಧಿಕಾರಿಯೇ, ತಾವು ಎಡವಿದ್ದು ಗೊತ್ತಾಗಿ, ಮಗುವಿನ ಹಾಗೆ ಜೋರಾಗಿ. ಡಾಕ್ಟರ್ ನಗಲಿಲ್ಲ. ಕುರ್ಚಿ ಎಳೆದ ಸದ್ದಾಯಿತು. ಅವರು ಮತ್ತೆ ಮಾತಾಡಿದಾಗ ಅವಸರವಿರಲಿಲ್ಲ.

"ಆವತ್ತು ಸಂಜೆ ನೀವು ನನಗೆ ಹೇಳಬೇಕೆಂದಿದ್ದದ್ದು ಏನು?"

"ಎರಡನೇ ಇಂಜೆಕ್ಷನ್ ಕೊಟ್ಟಿಲ್ಲ, ಕೊಡಬೇಕೋ ಬೇಡವೋ ನೀವು ಹೇಳಬೇಕು ಎಂದು. ನೀವು ಬೆಳಗಿನವರೆಗೆ ಏನೂ ಬೇಡ ಎಂದಿರಿ. ಅದನ್ನೇ ಮಾಡಿದೆ."

"ಕೊಟ್ಟಿರಲಿಲ್ಲ" ಎಂದರು ಡಾಕ್ಟರ್, ಒಂದೊಂದೇ ಪದ. "ನಾನು ಹೇಳಲೆಂದು ಕಾದಿರಿ. ನಾನು ಬೇಡ ಎಂದೆ."

ಅಕ್ಕ ತಲೆಯೆತ್ತಿ ಕಿಂಡಿಯನ್ನು ನೋಡಿದಳು. "ತಿರುಗಿ ಹೇಳಿದ್ರು" ಎಂದಳು ಪಿಸುದನಿಯಲ್ಲಿ.

ತೀರ್ಮಾನ ಆಮೇಲೆ ತಿಳಿಸುತ್ತೇವೆ ಎಂದರು. ನಕ್ಕವರೆಲ್ಲ ಬಿಟ್ಟುಬಿಡುತ್ತಾರೆಂದೇನಿಲ್ಲ, ಕಾಗದದ ಮೇಲೆ ಬರುವವರೆಗೆ ಯಾವುದೂ ಗಟ್ಟಿಯಲ್ಲ. ಆ ದಿನಗಳಲ್ಲಿ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ನಾನು ಏನಾದರೂ ಹೇಳಿದರೆ ತಿರುಗಿ ಹೇಳುವುದನ್ನೂ ಮರೆತಳು. ಗಿಣಿ ಸುಮ್ಮನಾದರೆ ಮನೆ ಎಷ್ಟು ಖಾಲಿ ಎಂದು ನನಗೆ ಆಗ ಗೊತ್ತಾಯಿತು, ಅವಳಿಗೆ ಹೇಳಲಿಲ್ಲ.

ಒಂದು ಮಧ್ಯಾಹ್ನ ಕ್ಲಾಸು ನಡೆಯುತ್ತಿದ್ದಾಗ ಫೋನ್ ಬಂತು. ನರ್ಸಮ್ಮನೇ ಎಂದು ಅಕ್ಕ ಎತ್ತಿದ ರೀತಿಯಲ್ಲೇ ತಿಳಿಯಿತು. ನಾನು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಹಲಗೆ ಸುತ್ತಿ ಆಚೆ ಹೋಗಿ ನಿಂತೆ. ಒಳಗಿನಿಂದ ಅತ್ತೆಯೂ ಗೋಡೆ ಹಿಡಿದುಕೊಂಡು ಬಂದರು. ಫೋನಿನ ಆಚೆ ಕಡೆ ನರ್ಸಮ್ಮ ಒಂದೇ ಸಮನೆ ಮಾತಾಡುತ್ತಿರಬೇಕು.

"ಹೂಂ" ಎಂದಳು ಅಕ್ಕ. "ಹೂಂ... ಹೂಂ..."

ಹಿಂದೆ ಮಾತಿಲ್ಲ, ಮುಂದೆ ಮಾತಿಲ್ಲ. ಬರೀ ಒಂಟಿ ಹೂಂ. ಲೆಕ್ಕದವನು ಲಿಫ್ಟಿನವನ ಮುಖ ನೋಡಿದ. ಲಿಫ್ಟಿನವನು ಮೆಲ್ಲಗೆ ಕೈ ಚಾಚಿ ಚಮಚ ತೆಗೆದುಕೊಂಡ. ನಾನು ಕಣ್ಣು ಕೆಂಪಗೆ ಮಾಡಿದೆ, ತಿರುಗಿ ಇಟ್ಟ.

"ಹೂಂ" ಎಂದಳು ಅಕ್ಕ. ಈ ಸಲದ ಹೂಂ ಒಡೆದು ಎರಡಾಗಿ ಬಂತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಫೋನ್ ಇಟ್ಟಳು. ಅತ್ತೆಗೆ ತಡೆಯಲಾಗಲಿಲ್ಲ. "ಏನಂತೆ? ಕೆಲಸ ಹೋಗಲಿಲ್ವಾ?"

ಅಕ್ಕ ಬಾಯಿ ತೆರೆದಳು. ಹೂಂ ಎನ್ನಲು ಹೊರಟವಳು ಕ್ಲಾಸಿನವರ ಮುಖ ನೋಡಿ ನಿಲ್ಲಿಸಿದಳು. ಕೈಬೆನ್ನಿನಿಂದ ಮುಖ ಒರೆಸಿಕೊಂಡಳು.

"ಕೆಲಸ ಹೋಗಲಿಲ್ಲ ಅತ್ತೆ. ಅವಳು ಸುಳ್ಳು ಹೇಳಿಲ್ಲ ಅಂತ ಬರೆದುಕೊಟ್ರಂತೆ. ಭಾನುವಾರ ಬರ್ತಾಳಂತೆ, ನಿಮ್ಮ ರೈಲು ಕಥೆಯ ಕೊನೆ ಕೇಳೋಕೆ."

ಆಮೇಲೆ ಅಕ್ಕ ತಾನೇ ಚಮಚ ತೆಗೆದುಕೊಂಡು ಲೋಟಕ್ಕೆ ಟಣ್ ಎಂದು ಹೊಡೆದಳು. ಒಂದು ಸಲವಲ್ಲ, ತಾನು ಅಂದ ಹೂಂಗಳಿಗೆಲ್ಲ ಲೆಕ್ಕ ತೀರುವಷ್ಟು ಸಲ. ಕ್ಲಾಸು ನಗುತ್ತಿತ್ತು, ಅವಳೂ ನಗುತ್ತಿದ್ದಳು, ಕಣ್ಣಲ್ಲಿ ಇನ್ನೂ ನೀರಿತ್ತು. ನಾನು ಈಚೆ ಬಂದು ಯಂತ್ರದ ಮುಂದೆ ಕೂತೆ. ದಾರ ತುಂಡಾಗಿತ್ತು. ಸೂಜಿಯ ಕಣ್ಣು ಮಂಜು ಮಂಜಾಗಿ ಕಂಡು ಪೋಣಿಸಲು ಸ್ವಲ್ಪ ಹೊತ್ತು ಹಿಡಿಯಿತು.